ಗಂಟು

ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಗಂಟಿನ ವಿಷಯದಲ್ಲಿ ಒಂದು ಬಗೆಯ ಜಾಣತನವಿರುತ್ತದೆ. ಎಳೆ ಹರಿದರೆ ಗಂಟು ಹಾಕಬೇಕು. ಹಾಕಿದ ಗಂಟು ಕಾಣಬಾರದು. ನಮ್ಮ ಚಿಗವ್ವ ಸಣ್ಣವಳಿದ್ದಾಗಿನಿಂದ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತಿದವಳು. ನೂಲು ಬೆರಳ ಸಂದಿಯಿಂದ ಹಾಯ್ದು ಹೋಗುವಾಗ ಸಾಸಿವೆಗಿಂತ ಸಣ್ಣ ಗಂಟಿದ್ದರೂ ಕಣ್ಣಿಗೆ ಬೀಳುವ ಮೊದಲೇ ಅವಳ ಬೆರಳಿಗೆ ತಿಳಿಯುತ್ತಿತ್ತು. ಮುಂಡರಗಿಗೆ ಲಗ್ನವಾಗಿ ಹೋದ ಮೇಲೆ ಮಗ್ಗ ತಪ್ಪಿತು. ಬೆರಳು ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಅಕ್ಕಿಯಲ್ಲಿಯ ಹರಳು, ಹಿಟ್ಟಿನಲ್ಲಿಯ ಗಂಟು, ಸೊಸೆಯ ಮಾತಿನಲ್ಲಿಯ ಗಂಟು, ಮೂರನ್ನೂ ಆಕೆ ತಟ್ಟನೆ ಹಿಡಿಯುತ್ತಾಳೆ.

ಅಂಥವಳಿಗೆ ತನ್ನ ಮೈಯೊಳಗಿನ ಗಂಟು ತಿಳಿಯದೆ ಹೋದೀತೆ? ತಿಳಿಯಿತು. ಅಂದು 2020ರ ಯುಗಾದಿ, ಮಾರ್ಚ್ 25. ದೇಶಕ್ಕೆಲ್ಲ ಬೀಗ ಬಿದ್ದ ಮೊದಲನೆಯ ದಿನ. ಹೊರಗೆ ಪೊಲೀಸರ ಸೀಟಿ, ಒಳಗೆ ಎಣ್ಣೆ ಹಚ್ಚಿಕೊಂಡ ಮೈ. ಎಡಗೈ ಬಲಗಡೆಯ ಎದೆಯ ಮೇಲೆ ಜಾರುವಾಗ ಕಡಲೆಕಾಳಿನಷ್ಟು ಏನೋ ಸಿಕ್ಕಿತು. ಒತ್ತಿದಳು, ನೋಯಲಿಲ್ಲ. ಸರಿಸಿದಳು, ಸರಿಯಲಿಲ್ಲ. ಬೇವು-ಬೆಲ್ಲ ತಿಂದು ಸುಮ್ಮನಾದಳು.

ಸುಮ್ಮನಾದಳೆಂದು ಆಕೆಯನ್ನು ಅಂದು ಫಲವಿಲ್ಲ. ಯಾರಿಗೆ ಹೇಳಬೇಕಿತ್ತು? ಮನೆಯಲ್ಲಿ ಗಂಡ, ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರೂ ಹಗಲೂ ರಾತ್ರಿ ಎರಡು ಖೋಲಿಯಲ್ಲಿ. ಬಾಗಿಲು ಹಾಕಿಕೊಂಡು ಸೊಸೆಗೆ ತೋರಿಸೋಣವೆಂದರೆ ಹಾಕಿಕೊಳ್ಳಲಿಕ್ಕೆ ಬಿಡುವಿನ ಬಾಗಿಲೊಂದಿಲ್ಲ. ಶಿರಹಟ್ಟಿಯಲ್ಲಿ ಮಗಳಿದ್ದಾಳೆ, ತಾಯಿ ಮಗಳಿಗೆ ಹೇಳುವ ಮಾತನ್ನು ಫೋನಿನಲ್ಲಿ ಗಂಡಸರ ನಡುವೆ ಕುಳಿತು ಹೇಳುವುದು ಹೇಗೆ? ಅಲ್ಲದೆ ಆಗ ಯಾರಿಗೆ ಫೋನು ಹಚ್ಚಿದರೂ ಮೊದಲು ಒಬ್ಬರು ಕೆಮ್ಮುತ್ತಿದ್ದರು. ಆಮೇಲೆ ಸರಕಾರದ ಎಚ್ಚರಿಕೆಯ ಮಾತು. ಅದು ಮುಗಿದು ಮಗಳ ದನಿ ಬರುವಷ್ಟರಲ್ಲಿ ಕೂಡಿಸಿಕೊಂಡ ಧೈರ್ಯ ಕರಗಿಹೋಗುತ್ತಿತ್ತೆಂದು ಚಿಗವ್ವ ಮುಂದೆ ಹೇಳಿದಳು.

ಕಾರಹುಣ್ಣಿಮೆಯ ಹೊತ್ತಿಗೆ ಬಸ್ಸುಗಳು ತಿರುಗಾಡತೊಡಗಿ ಮಗಳು ಮುಂಡರಗಿಗೆ ಬಂದಾಗ ಮಾತು ಹೊರಬಿತ್ತು. ಮಗಳು ನಮ್ಮ ಮನೆಯವಳಿಗೆ ಹೇಳಿದಳು, ಮನೆಯವಳು ನನಗೆ. ಮನೆತನದಲ್ಲಿ ನಾಲ್ಕಕ್ಷರ ಓದಿಕೊಂಡವನು ನಾನು. ಜಿಲ್ಲಾ ಸ್ಥಳದಲ್ಲಿ ಬೇರೆ ಇದ್ದೇನೆ. ಸಲಹೆ ಕೊಡುವ ಅಧಿಕಾರ ತಾನಾಗಿ ನನಗೆ ಬಂದಿತ್ತು. ಫೋನು ಮಾಡಿದೆ.

ಚಿಗವ್ವ ಗಂಟಿನ ಹೆಸರೆತ್ತಲಿಲ್ಲ. "ತಮ್ಮಾ, ದವಾಖಾನಿಗೆ ಈಗ ಹೋಗೂದು ಛಲೋನೋ, ತಡದು ಹೋಗೂದು ಛಲೋನೋ?" ಅಂದಳು.

"ನೋವೇನರ ಐತೇನು?"

"ನೋವಿಲ್ಲಪಾ, ಏನಿಲ್ಲ."

"ಹಂಗಾರ ಇದೊಂದ ಮುಗೀಲಿ ಬಿಡು ಚಿಗವ್ವಾ. ಈಗ ದವಾಖಾನಿಗೆ ಹೋದ್ರ ಇಲ್ಲದ್ದು ಹತ್ತೀತು."

ಇದು ನಾನು ಆಡಿದ ಮಾತು. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು, ಎದೆಯ ಕ್ಯಾನ್ಸರು ಮೊದಮೊದಲು ಬಹುಮಟ್ಟಿಗೆ ನೋಯುವುದೇ ಇಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಸಣ್ಣತನಕ್ಕೆ ನಾಲ್ಕಕ್ಷರ ಕಲಿತವನ ನಾಲಗೆ ಒಪ್ಪಲೂ ಇಲ್ಲ.

ನನ್ನ ಪರವಾಗಿ ಹೇಳಬಹುದಾದದ್ದು ಒಂದೇ: ಆಗ ಹೆದರದಿದ್ದವರು ಯಾರು? ಏಪ್ರಿಲಿನಲ್ಲಿ ಗದಗಿನಲ್ಲಿಯೇ ವಯಸ್ಸಾದ ಹೆಂಗಸೊಬ್ಬರು ಕೋವಿಡ್ಡಿನಿಂದ ತೀರಿಕೊಂಡಿದ್ದರು. ಓಣಿಗೆ ಬಿದಿರಿನ ಗಳ ಅಡ್ಡಬಿದ್ದದ್ದನ್ನು ಊರೆಲ್ಲ ಮಾತಾಡಿಕೊಂಡಿತ್ತು. ಊರಿನ ದೊಡ್ಡ ದವಾಖಾನೆಯ ಹಾಸಿಗೆಗಳು ಆ ರೋಗಿಗಳಿಗೇ ಮೀಸಲಾಗಿದ್ದವು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮಜ್ಜಿ ತನ್ನ ಹಿರಿಯರಿಂದ ಕೇಳಿ ನಮಗೆ ಹೇಳುತ್ತಿದ್ದಳು. ಎಷ್ಟು ಇಲಿ ಬಿದ್ದವು, ಎಷ್ಟು ಮಂದಿ ಹೋದರು ಎಂಬ ಲೆಕ್ಕವೆಲ್ಲ ಆ ಕಥೆಯಲ್ಲಿತ್ತು. ಆ ಗುಡಿಸಲಿನಲ್ಲಿ ಪ್ಲೇಗಲ್ಲದ ಬೇನೆ ಬಂದವರ ಗತಿ ಏನಾಯಿತೆಂದು ಅಜ್ಜಿ ಹೇಳಲಿಲ್ಲ; ನಾವೂ ಕೇಳಲಿಲ್ಲ.

ಇನ್ನು ಆಶಾ ಕಾರ್ಯಕರ್ತೆ. ಆಕೆ ಬರುತ್ತಿರಲಿಲ್ಲವೆಂದಲ್ಲ, ಹಿಂದೆಂದೂ ಬಾರದಷ್ಟು ಸಲ ಬರುತ್ತಿದ್ದಳು. ಜ್ವರ ಇದೆಯೆ, ಕೆಮ್ಮು ಇದೆಯೆ, ಹೊರಗಿನಿಂದ ಯಾರು ಬಂದಿದ್ದಾರೆ? ಬಾಗಿಲಿನಿಂದ ಎರಡು ಗಜ ದೂರ ನಿಂತು ಕೇಳಿ ಬರೆದುಕೊಂಡು ಹೋಗುತ್ತಿದ್ದಳು. ಮೂವತ್ತು ದಾಟಿದ ಹೆಂಗಸರನ್ನೆಲ್ಲ ಐದು ವರ್ಷಕ್ಕೊಮ್ಮೆಯಾದರೂ ಎದೆ ಮುಟ್ಟಿ ಪರೀಕ್ಷಿಸಬೇಕೆಂಬ ಸರಕಾರದ ಯೋಜನೆ ಅದಕ್ಕೆ ಮೊದಲೇ ಶುರುವಾಗಿತ್ತು. ಅದರ ಪಟ್ಟಿ ಮಾಡಬೇಕಾದವಳು ಇದೇ ಆಶಾ. ಕೈಯಿಟ್ಟು ನೋಡಬೇಕಾದವಳು ಉಪಕೇಂದ್ರದ ನರ್ಸಮ್ಮ. ಮುಟ್ಟಬೇಡ ಎಂಬುದೇ ಊರಿನ ಕಾನೂನಾಗಿದ್ದಾಗ ಮುಟ್ಟಿಯೇ ನೋಡಬೇಕಾದ ರೋಗದ ಪಾಡೇನು?

ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ಲೆಕ್ಕವನ್ನು ಮುಂದೆ ಓದಿದೆ. 2019ರ ಮಾರ್ಚಿಯಿಂದ ಮೇವರೆಗೆ ಅಲ್ಲಿ ಹೆಸರು ಹಚ್ಚಿಸಿದ ಹೊಸ ರೋಗಿಗಳು 1,12,270. 2020ರ ಅದೇ ಮೂರು ತಿಂಗಳಲ್ಲಿ 51,760. ದೊಡ್ಡ ಶಸ್ತ್ರಕ್ರಿಯೆಗಳು ಸುಮಾರು ಅರ್ಧಕ್ಕಿಳಿದಿದ್ದವು. ರೋಗವಿಲ್ಲದವರನ್ನು ಕರೆದು ತಪಾಸಣೆ ಮಾಡುವ ಕೆಲಸವಂತೂ ಬಹಳ ಕಡೆ ನಿಂತೇ ಹೋಗಿತ್ತು, ಇಲ್ಲವೆ ನಾಲ್ಕಾಣೆ ಪಾಲಿಗೆ ಬಂದಿತ್ತು. ಬಾರದೆ ಉಳಿದ ಅರವತ್ತು ಸಾವಿರದವರಿಗೆ ಆ ವರ್ಷ ರೋಗವೇ ಬರಲಿಲ್ಲವೆಂದು ಅರ್ಥವಲ್ಲ. ಅವರೆಲ್ಲ ಎಲ್ಲೆಲ್ಲಿಯೋ ಎರಡು ಖೋಲಿಯ ಮನೆಯಲ್ಲಿ "ಇದೊಂದ ಮುಗೀಲಿ" ಎಂದು ಕುಳಿತಿದ್ದರು. ಲಕ್ಷ್ಮೇಶ್ವರದಲ್ಲಿ ನನ್ನ ಗೆಳೆಯನ ಅತ್ತಿಗೆ ಹೀಗೆಯೇ ಕುಳಿತವರು, ಅವರು ಈಗಿಲ್ಲ.

ಪಂಚಮಿ ಹೋಯಿತು, ದಸರೆ ಹೋಯಿತು. ದೀಪಾವಳಿಗೆ ಮುಂಡರಗಿಗೆ ಹೋದಾಗ ಚಿಗವ್ವ ಆರತಿಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದಿದ್ದಳು. ನಮ್ಮ ಮನೆಯವಳು ಒಳಗೆ ಕರೆದುಕೊಂಡು ಹೋಗಿ ನೋಡಿ ಹೊರಗೆ ಬಂದವಳು ನನ್ನ ಮುಖವನ್ನೇ ನೋಡಲಿಲ್ಲ. ಕಡಲೆಕಾಳು ಲಿಂಬೆಹಣ್ಣಾಗಿತ್ತು. ಕಂಕುಳಲ್ಲಿ ಮತ್ತೊಂದು ಗಂಟು ಎದ್ದಿತ್ತು.

ಹುಬ್ಬಳ್ಳಿಗೆ ಹೋದೆವು. ಸೂಜಿ ಚುಚ್ಚಿ ತುಣುಕು ತೆಗೆಯಬೇಕೆಂದಾಗ, ಸೂಜಿ ತಾಕಿದರೆ ಹಬ್ಬುತ್ತದಂತೆ ಎಂದು ಚಿಕ್ಕಪ್ಪ ಅಡ್ಡ ನಿಂತರು. ಅದು ಹಾಗಲ್ಲವೆಂದು ತರುಣ ಡಾಕ್ಟರೊಬ್ಬರು ಬೇಸರಿಸದೆ ತಿಳಿಸಿದರು. ಮೂರನೆಯ ಹಂತವೆಂದು ಗೊತ್ತಾಯಿತು. ಮೊದಲು ಔಷಧ ಏರಿಸಿ ಗಂಟನ್ನು ಕುಗ್ಗಿಸುವುದು, ಆಮೇಲೆ ಶಸ್ತ್ರಕ್ರಿಯೆ, ಆಮೇಲೆ ನಮ್ಮ ಕಡೆಯವರು "ಕರೆಂಟು ಕೊಡೂದು" ಅನ್ನುವ ವಿಕಿರಣ. ಇಪ್ಪತ್ತೊಂದು ದಿನಕ್ಕೊಮ್ಮೆ ಹುಬ್ಬಳ್ಳಿ. ಕೂದಲು ಉದುರಿದ ತಲೆಗೆ ಸೆರಗು ಹೊದ್ದುಕೊಂಡು, ಬಾಯಿಗೆ ಮುಸುಕು ಕಟ್ಟಿಕೊಂಡು ಕುಳಿತ ಚಿಗವ್ವ, "ಎಲ್ಲಾರೂ ಮುಖಾ ಮುಚ್ಚಿಕೊಂಡಾರ, ನನಗೇನ ನಾಚಿಕಿ?" ಎಂದು ಬಸ್ಸಿನಲ್ಲಿ ನಕ್ಕಳು. ಆ ರೋಗದಿಂದ ನಮಗಾದ ಉಪಕಾರ ಅದೊಂದೇ ಇರಬೇಕು.

ಶಸ್ತ್ರಕ್ರಿಯೆಗೆ 2021ರ ಏಪ್ರಿಲ್ ಕೊನೆಗೆ ದಿನ ಕೊಟ್ಟಿದ್ದರು. ಅದೇ ತಿಂಗಳ 27ಕ್ಕೆ ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡಿತು. ಆಮ್ಲಜನಕಕ್ಕೆ ಮಂದಿ ಪರದಾಡುತ್ತಿದ್ದಾಗ ನಮ್ಮ ಗಂಟಿನ ಮಾತೆತ್ತಲು ನಮಗೇ ಸಂಕೋಚ. ಐದು ವಾರ ಮುಂದಕ್ಕೆ ಹೋಯಿತು. ಆದರೆ ಈ ಸಲ "ಇದೊಂದ ಮುಗೀಲಿ" ಎಂದು ನಾನು ಹೇಳಲಿಲ್ಲ. ದಿನಕ್ಕೆರಡು ಸಲ ಫೋನು ಮಾಡಿ ಡಾಕ್ಟರರಿಗೆ ಬೇಸರ ಬರಿಸಿದೆ.

ಚಿಗವ್ವ ಉಳಿದಳು. ಬಲಗಡೆಯ ಎದೆ ಹೋಯಿತು. ಕಂಕುಳಿನ ಗ್ರಂಥಿಗಳನ್ನು ತೆಗೆದದ್ದರಿಂದ ಬಲಗೈ ಬಾತುಕೊಳ್ಳುತ್ತದೆ, ರೊಟ್ಟಿ ಬಡಿಯಲಾರಳು. ಮುಂಡರಗಿಯ ಆ ಮನೆಯ ರೊಟ್ಟಿಯ ಸಪ್ಪಳ ಕೇಳಿ ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಕಡಲೆಕಾಳಿನಷ್ಟಿದ್ದಾಗಲೇ ಹೋಗಿದ್ದರೆ ಕಂಕುಳಿಗೆ ಇಷ್ಟು ಕೈಹಾಕುವ ಪ್ರಸಂಗ ಬರುತ್ತಿರಲಿಲ್ಲವೇನೋ ಎಂದು ಡಾಕ್ಟರು ಅಂದದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚಿಗವ್ವ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಆಕೆಯ ಗಂಟಿಗೆ ಔಷಧ ಏರುತ್ತಿದ್ದ ದಿನಗಳಲ್ಲಿಯೇ, 2021ರ ಫೆಬ್ರುವರಿಯಲ್ಲಿ, ಮುಂಬಯಿಯ ಟಾಟಾ ಆಸ್ಪತ್ರೆಯವರ ಒಂದು ದೊಡ್ಡ ಪ್ರಯೋಗದ ಫಲ ಹೊರಬಿದ್ದಿತು. 1998ರಲ್ಲಿ ಆರಂಭಿಸಿ, ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಎದೆಯ ಪರೀಕ್ಷೆ ಮಾಡಿಸಿದ್ದರು. ಯಂತ್ರದಿಂದಲ್ಲ, ತರಬೇತಿ ಪಡೆದ ಕಾರ್ಯಕರ್ತೆಯರ ಕೈಯಿಂದ. ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಯಿತು. ಇದನ್ನು ಚಿಗವ್ವನಿಗೆ ಓದಿ ಹೇಳಿದೆ. "ಕಂಡಿಕಿ ಸುತ್ತಾಕಿಗೆ ಇದನ್ನ ಹೇಳಾಕ ಮುಂಬಯಿಯವರು ಬೇಕೇನ?" ಅಂದಳು.

ಈಗ ಪಂಚಮಿಗೆ ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಆಕೆ ಜೋಕಾಲಿಯಿಂದಿಳಿಸಿ ಒಂದೊಂದಾಗಿ ಒಳಗೆ ಕರೆಯುತ್ತಾಳೆ. ಕೆಲವರು ನಾಚಿ ಓಡುತ್ತಾರೆ. ಕಳೆದ ಸಲ ನಮ್ಮ ಮನೆಯವಳ ಪಾಳಿ ಬಂತು. ಏನೂ ಸಿಗಲಿಲ್ಲ, ಆದರೂ ದವಾಖಾನೆಯಲ್ಲಿ ಒಮ್ಮೆ ತೋರಿಸೆಂದು ಅಪ್ಪಣೆಯಾಯಿತು. ಗದಗಿಗೆ ಬಂದು ಎಂಟು ದಿನಕ್ಕೆ ಫೋನು.

"ತೋರಿಸಿದೇನವಾ?"

"ಹಬ್ಬದ ಕೆಲಸ ಮುಗೀಲಿ ಅತ್ತೀ..."

"ಫೋನು ನನ್ನ ಮಗನ ಕೈಯಾಗ ಕೊಡು."

ಕೈಗೆ ತೆಗೆದುಕೊಂಡೆ. ಆ ಕಡೆಯಿಂದ ಮಾತೇ ಬರಲಿಲ್ಲ. ನಾನೇ "ಆತು ಚಿಗವ್ವಾ, ನಾಳೆ" ಅಂದೆ. ಮರುದಿನ ಬೆಳಿಗ್ಗೆ ಇಬ್ಬರೂ ಮಲ್ಲಸಮುದ್ರದ ಕಡೆಯ ಬಸ್ಸು ಹಿಡಿದೆವು. ಚೀಟಿಯ ಪಾಳಿಯಲ್ಲಿ ನಮ್ಮ ಮುಂದೆ ಹನ್ನೊಂದು ಮಂದಿ ಇದ್ದರು.