ಚಾರ್ಜರ್ ಕೊಳ್ಳಲು ನಾನೂ ಹೋದೆ
ಜೂನ್, ಜುಲೈಯ ಮೀನುಗಾರಿಕೆ ನಿಷೇಧದ 61 ದಿನ ಬೋಟಿನ ಬ್ಯಾಟರಿ ನಮ್ಮ ಮನೆಯ ಅತಿಥಿ. ಕಳೆದ ಮಳೆಗಾಲದಲ್ಲಿ ಅದನ್ನು ಮಕ್ಕಳು ಮಲಗುವ ಕೋಣೆಯಲ್ಲೇ ಚಾರ್ಜಿಗೆ ಇಟ್ಟಿದ್ದೆವು. ಫಜ್ರ್‌ಗೆ ಎದ್ದಾಗ ಕೊಳೆತ ಮೊಟ್ಟೆಯ ವಾಸನೆ, ಮುಟ್ಟಿದರೆ ಬ್ಯಾಟರಿ ಸುಡುತ್ತಿತ್ತು. ತುಂಬಿದ ಮೇಲೂ ಆ ಹಳೆಯ ಚಾರ್ಜರ್ ನಿಲ್ಲುತ್ತಿರಲಿಲ್ಲ. ಹಾಗಾದಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದಂತೆ, ಒಂದು ಕಿಡಿ ಸಾಕು ಎಂದ ಮೆಕ್ಯಾನಿಕ್. ಅಲ್ಲಾಹನು ಕಾಪಾಡಿದ.

ಹೊಸದನ್ನು ತರಲು ನಾನೂ ಹೊರಟೆ. "30 ಆಂಪಿಯರಿನದ್ದು ಕೊಂಡುಹೋಗಿ, ಬೇಗ ತುಂಬುತ್ತದೆ" ಎಂದ ಅಂಗಡಿಯವ. ನಮ್ಮವರಿಗೂ ಅದೇ ಇಷ್ಟ. ಗಂಡಸರಿಗೆ ಎಲ್ಲವೂ ಬೇಗ ಆಗಬೇಕಲ್ಲ! ಆದರೆ ನಮ್ಮದು 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿ. ಅದರ ಹತ್ತನೇ ಒಂದು ಪಾಲು, ಅಂದರೆ 10 ಆಂಪಿಯರ್ ಹಿತವೆಂದು ಮೆಕ್ಯಾನಿಕ್ ಹೇಳಿದ್ದ. ಹನ್ನೆರಡು ಗಂಟೆ ಹಿಡಿಯಲಿ ಬಿಡಿ. ತುಂಬಿದೊಡನೆ ತಾನಾಗಿ 13.6 ವೋಲ್ಟಿನ ಆಸುಪಾಸಿಗೆ ಇಳಿಯುವಂಥದ್ದೇ ಬೇಕೆಂದು ಹಠ ಹಿಡಿದೆ. ಬೆಲೆ ಹೆಚ್ಚಾಯಿತು. ಹಬ್ಬದ ಬಟ್ಟೆಗೆಂದು ಕೂಡಿಟ್ಟದ್ದನ್ನು ಕೊಟ್ಟೆ. ನಡುಗಡಲಲ್ಲಿ ಇಂಜಿನ್ ಸ್ಟಾರ್ಟ್ ಆಗಲು, ವೈರ್‌ಲೆಸ್ಸಿನಲ್ಲಿ ಕೂಗಿ ಕರೆಯಲು ಅವರಿಗೆ ಇರುವುದು ಅದೊಂದೇ ಬ್ಯಾಟರಿ.

ಈಗ ಅದು ಗಾಳಿಯಾಡುವ ಹಿತ್ತಿಲ ಜಗಲಿಯಲ್ಲಿದೆ. ಡಿಸ್ಟಿಲ್ಡ್ ವಾಟರ್ ಇಳಿದಿದೆಯೇ ಎಂದು ನೋಡುವ ಕೆಲಸ ನನ್ನದು.