ಅಳಿಸುವ ಮುನ್ನ

ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ಫೋನು ಮಾಡಿದ್ದಳು. ಅವಳ ಲ್ಯಾಪ್‌ಟಾಪ್ ಅರ್ಧಕ್ಕೇ ನಿಂತು ನೀಲಿ ಪರದೆ ತೋರಿಸುತ್ತಿತ್ತಂತೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕೆಂದರಂತೆ. "ಮಾಡಿಸಿಬಿಡಲಾ ತಾತ?" ಎಂದಳು. "ಸ್ವಲ್ಪ ತಾಳಮ್ಮ" ಎಂದೆ. ಹಾಗೆನ್ನಲು ನನಗೊಂದು ಕಾರಣವಿದೆ. ಅದನ್ನು ಈವರೆಗೆ ಇಲ್ಲಿ ಬರೆದಿರಲಿಲ್ಲ.

2004ರಲ್ಲಿ, ನಿವೃತ್ತನಾದ ಹೊಸತರಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರೊಂದು ನೆಲಮಂಗಲದ ನಮ್ಮ ಮನೆಗೆ ಬಂದಿತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಕನ್ನಡಕ್ಕೆ 'ಬರಹ' ತಂತ್ರಾಂಶವಿತ್ತು. ಎರಡೇ ಬೆರಳುಗಳಲ್ಲಿ ಟೈಪು ಮಾಡಲು ಕಲಿತೆ. ಆಗ ನನ್ನ ಅವ್ವನಿಗೆ ಎಂಬತ್ತು ದಾಟಿತ್ತು. ಶಿವಗಂಗೆ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಹುಟ್ಟಿದ ಅವಳಿಗೆ ಓದುಬರಹ ಬಾರದು. ಆದರೆ ರಾಗಿ ಬೀಸುವ ಪದ, ಸೋಬಾನೆ ಪದಗಳು ಬಾಯಲ್ಲೇ ಇದ್ದವು. ಸಂಜೆಯ ಹೊತ್ತು ಅವಳು ಹೇಳುವುದು, ನಾನು ಟೈಪು ಮಾಡುವುದು. ಹೀಗೆ ಎರಡು ವರ್ಷ ನಡೆಯಿತು. 2006ರಲ್ಲಿ ಅವ್ವ ಹೋದಾಗ ಅರವತ್ಮೂರು ಪದಗಳಾಗಿದ್ದವು. ಅವನ್ನು ಕಾಗದದ ಮೇಲೆ ಬರೆದಿಡಲಿಲ್ಲ, ಸಿ.ಡಿ.ಗೂ ಹಾಕಿಸಲಿಲ್ಲ. ಕಂಪ್ಯೂಟರಿನಲ್ಲಿವೆಯಲ್ಲ ಎಂಬ ಧೈರ್ಯ.

2007ರ ಮಳೆಗಾಲದ ಒಂದು ಸಂಜೆ ವಿದ್ಯುತ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಆಗಲೇ ಸತ್ತಿತ್ತು. ಮರುದಿನ ಕಂಪ್ಯೂಟರನ್ನು ಹಾಕಿದರೆ ಕಪ್ಪು ಪರದೆ. ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು. ಕಾನ್ಫಿಗ್ ಎಂಬ ಫೋಲ್ಡರಿನಲ್ಲಿರುವ ಸಿಸ್ಟಂ ಎಂಬ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ, ಆದ್ದರಿಂದ ವಿಂಡೋಸ್ ಆರಂಭವಾಗದು ಎಂದಿತ್ತು. ರಿಪೇರಿಯ ಹುಡುಗ ಬಂದು ನೋಡಿ, "ಫಾರ್ಮ್ಯಾಟ್ ಮಾಡಿದರೆ ಹೊಸದರ ಹಾಗೆ ಆಗುತ್ತೆ ಸಾರ್" ಎಂದನು. "ಒಳಗಿರುವುದು?" ಎಂದು ಕೇಳಿದೆ. "ಹೋಗುತ್ತೆ ಸಾರ್" ಎಂದನು. ನಾಳೆ ಬಾರಪ್ಪ ಎಂದು ಕಳುಹಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವ ಸತ್ತಾಗ ಅಳದವನು ಅಂದು ಅತ್ತೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ತನ್ನ ಹೆಸರು ಬರೆಯಕೂಡದೆಂದು ಅವನು ಆಣೆ ಹಾಕಿಸಿದ್ದಾನೆ. ಭಾನುವಾರ ಬಸ್ಸು ಹತ್ತಿ ಬಂದನು. ಪರದೆಯನ್ನು ಓದಿ, "ಮೇಷ್ಟ್ರೇ, ಕೆಟ್ಟಿರುವುದು ರಿಜಿಸ್ಟ್ರಿ. ಪದಗಳಿಗೆ ಏನೂ ಆಗಿರಲಾರದು" ಎಂದನು. ಯಂತ್ರದಲ್ಲಿ ಯಾವ ಭಾಗಗಳಿವೆ, ಯಾವ ತಂತ್ರಾಂಶಗಳಿವೆ, ಬಳಸುವವರು ಯಾರು ಎಂಬುದನ್ನೆಲ್ಲ ವಿಂಡೋಸ್ ಐದು ಮುಖ್ಯ ಕಡತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ: ಸಿಸ್ಟಂ, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡೀಫಾಲ್ಟ್. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಪುಟ ಅರ್ಧ ಹಳೆಯದು, ಅರ್ಧ ಹೊಸದಾಗಿ ಕೆಡಬಹುದು.

ನನಗೆ ತಟ್ಟನೆ ಅರ್ಥವಾಯಿತು. ನಾನು ಹಳ್ಳಿಯ ಶಾಲೆಯೊಂದರಲ್ಲಿದ್ದಾಗ, ಮಾಡು ಸೋರಿ, ಗೆದ್ದಲು ಹತ್ತಿ, ದಾಖಲಾತಿ ರಿಜಿಸ್ಟರು ಹಾಳಾಗಿತ್ತು. ಮಕ್ಕಳು ಎಂದಿನಂತೆ ಬಂದು ಕುಳಿತಿದ್ದರು. ಆದರೆ ಒಬ್ಬರಿಗೂ ಟಿ.ಸಿ. ಕೊಡುವಂತಿರಲಿಲ್ಲ, ಜನ್ಮದಿನಾಂಕ ಹೇಳುವಂತಿರಲಿಲ್ಲ. ಆಗ ನಾವು ಮಕ್ಕಳನ್ನು ಮನೆಗೆ ಕಳುಹಿಸಲಿಲ್ಲ. ಹಳೆಯ ಹಾಜರಿ ಪುಸ್ತಕಗಳನ್ನೂ ಪರೀಕ್ಷೆಯ ಪಟ್ಟಿಗಳನ್ನೂ ಹರಡಿಕೊಂಡು, ಒಂದೊಂದೇ ಹೆಸರನ್ನು ಮತ್ತೆ ಬರೆದೆವು.

ಅವನೂ ಮಾಡಿದ್ದು ಅದನ್ನೇ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಮೊದಲು ಪ್ರತಿ ತೆಗೆಯುವುದು ಸರಿಯಾದ ದಾರಿ, ಮನೆಯಲ್ಲಿ ಇನ್ನೊಂದಿರಲಿಲ್ಲ. ಎಕ್ಸ್‌ಪಿಯ ಸಿ.ಡಿ. ಹಾಕಿ, 'ಆರ್' ಒತ್ತಿ ರಿಕವರಿ ಕನ್ಸೋಲಿಗೆ ಹೋದನು. ಕೆಟ್ಟ ಐದು ಕಡತಗಳನ್ನೂ ಎಸೆಯದೆ ಬೇರೊಂದು ಫೋಲ್ಡರಿನಲ್ಲಿ ಎತ್ತಿಟ್ಟನು. "ಕೆಟ್ಟದ್ದನ್ನೂ ಇಟ್ಟುಕೊಂಡೇ ಮುಂದೆ ಹೋಗಬೇಕು ಮೇಷ್ಟ್ರೇ" ಎಂದನು. ಬಳಿಕ ರಿಪೇರ್ ಎಂಬ ಫೋಲ್ಡರಿನಲ್ಲಿದ್ದ, ವಿಂಡೋಸನ್ನು ಮೊದಲು ಹಾಕಿದ ದಿನದ ಪ್ರತಿಗಳನ್ನು ಅವುಗಳ ಜಾಗಕ್ಕೆ ತಂದನು. ಕಂಪನಿಯೇ ವಿಂಡೋಸ್ ಹಾಕಿ ಕಳುಹಿಸಿದ ಯಂತ್ರಗಳಿಗೆ ಈ ಉಪಾಯ ಸಲ್ಲದಂತೆ. ನಮ್ಮದು ಜೋಡಿಸಿದ್ದಾದ್ದರಿಂದ ನಡೆಯಿತು.

ಕಂಪ್ಯೂಟರು ಎದ್ದಿತು. ಹಸಿರು ಗುಡ್ಡ, ನೀಲಿ ಆಕಾಶ. ಆದರೆ ನನ್ನ ಹೆಸರಿಲ್ಲ, 'ಬರಹ' ಇಲ್ಲ, ಒಂದು ಪದವೂ ಇಲ್ಲ. ಎದೆ ಧಸಕ್ಕೆಂದಿತು. "ಇದು ಮೊದಲ ದಿನದ ರಿಜಿಸ್ಟರು, ಆಮೇಲೆ ಸೇರಿದವರು ಇದರಲ್ಲಿ ಹೇಗಿರುತ್ತಾರೆ?" ಎಂದು ನಕ್ಕು, ಡಿಸ್ಕಿನೊಳಗೆ ಹೊಕ್ಕು ನನ್ನ ಹೆಸರಿನ ಹಳೆಯ ಫೋಲ್ಡರನ್ನು ತೆರೆದನು. ಅರವತ್ಮೂರು ಕಡತಗಳು, ತೆರೆಯುವ ತಂತ್ರಾಂಶ ತಿಳಿಯದೆ, ಗುರುತಿಲ್ಲದ ಬಿಳಿಯ ಹಾಳೆಗಳಂತೆ ಸಾಲಾಗಿ ನಿಂತಿದ್ದವು. ಯಾರೂ ಎಲ್ಲಿಗೂ ಹೋಗಿರಲಿಲ್ಲ.

ನಂತರ, ವಿಂಡೋಸ್ ಆಗಾಗ ತಾನೇ ತೆಗೆದಿಟ್ಟುಕೊಳ್ಳುವ ರಿಸ್ಟೋರ್ ಪಾಯಿಂಟುಗಳಲ್ಲಿ ಮೂರು ದಿನ ಹಿಂದಿನದನ್ನು ಹುಡುಕಿ, ಅದರ ಐದು ಪ್ರತಿಗಳನ್ನು ಮೊದಲಿನಂತೆಯೇ ಕನ್ಸೋಲಿನಿಂದ ಸ್ಥಾನಕ್ಕೆ ತಂದನು. ಈ ಬಾರಿ ನನ್ನ ಹೆಸರು ಬಂದಿತು, 'ಬರಹ'ವೂ ಬಂದಿತು. ನನ್ನಾಕೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಅಂದೇ ಸಂಜೆ ಎರಡು ಸಿ.ಡಿ.ಗಳಾದವು, ತಂಗಿಯರಿಗೆಲ್ಲ ಮುದ್ರಿಸಿದ ಪ್ರತಿಗಳು ಹೋದವು.

ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲೇ ಬೆಂಬಲ ನಿಂತಿತು. ವಿಂಡೋಸ್ ತನ್ನ ರಿಜಿಸ್ಟ್ರಿಯ ಪ್ರತಿಯೊಂದನ್ನು ರೆಗ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ತಾನೇ ಇಡುತ್ತಿದ್ದ ಪದ್ಧತಿಯನ್ನೂ, ಜಾಗದ ಉಳಿತಾಯಕ್ಕೆಂದು, ವಿಂಡೋಸ್ 10ರ 2018ರ ಆವೃತ್ತಿಯಿಂದ ಕೈಬಿಟ್ಟರು. ವಿಧಾನಗಳು ಬದಲಾಗಿವೆ, ಆದರೆ ರಿಜಿಸ್ಟರು ಹರಿದರೆ ಶಾಲೆಯನ್ನು ಕೆಡವಬಾರದೆಂಬ ಮಾತು ಬದಲಾಗಿಲ್ಲ. ಮೊಮ್ಮಗಳ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಪ್ರತಿ ತೆಗೆಸಿದೆವು. ಅವಳ ಮೂರು ವರ್ಷದ ಟಿಪ್ಪಣಿಗಳೂ ಚಿತ್ರಗಳೂ ಕ್ಷೇಮವಾಗಿದ್ದವು. ಆಮೇಲೆ ಫಾರ್ಮ್ಯಾಟ್ ಆಯಿತು.

ಇನ್ನೊಂದು ಮಾತು. ಅರವತ್ಮೂರನೆಯ ಪದದಲ್ಲಿ ಎರಡೇ ಸಾಲುಗಳಿವೆ. ಅದನ್ನು ಹೇಳುತ್ತಿದ್ದಾಗ ಅವ್ವ ದಣಿದಿದ್ದಳು. ನಾಳೆ ಹೇಳವ್ವ ಎಂದು ನಾನೇ ನಿಲ್ಲಿಸಿದ್ದೆ. ಆ ನಾಳೆ ಬರಲಿಲ್ಲ. ನನ್ನ ವಿದ್ಯಾರ್ಥಿ ಅದನ್ನೂ ಇದ್ದಂತೆಯೇ ಮರಳಿಸಿಕೊಟ್ಟನು, ಎರಡೇ ಸಾಲು. ಬರೆದಿಡದಿದ್ದುದನ್ನು ಯಾವ ಸಿ.ಡಿ.ಯೂ ಮರಳಿ ತಾರದು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂದೇ ಅವರ ಬಳಿ ಕುಳಿತು ಬರೆದುಕೊಳ್ಳಿ. ಬರೆದುದಕ್ಕೆ ಇನ್ನೊಂದು ಪ್ರತಿ ಮಾಡಿಡಿ.