ಅತ್ತಿಗೆಯ ಆಟೋ, ನಮ್ಮ ಬೀದಿಯ ಅರ್ಜಿ

ಹೋದ ಸಲ ಹುರುಳಿಕಟ್ಟಿನ ಸಾರು ಬರೆದಾಗ ಎಷ್ಟೊಂದ್ ಜನ ಫೋನ್ ಮಾಡಿದ್ರಿ. ಈ ಸಲದ್ದೂ ಒಲೆ ಮಾತೇ, ಆದ್ರೆ ಆಟೋ ಮೇಲಿರೋ ಒಲೆ.

ಸಾಯಂಕಾಲ ಆದ್ರೆ ಸಾಕು, ಹುಣಸೂರಿನ ನಮ್ಮ ಬೀದಿ ತುದೀಲಿ ಗೋಬಿ ಗಾಡಿ, ಪಾನಿಪುರಿ ಗಾಡಿ, ಎಗ್‌ರೈಸ್ ಆಟೋ ಸಾಲಾಗಿ ನಿಲ್ತವೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಕೆ ಹೋದ್ರೆ ರಂಗೋಲಿ ಜಾಗದಲ್ಲಿ ಪೇಪರ್ ತಟ್ಟೆ. ಪಕ್ಕದ್ಮನೆ ಆಂಟಿ ಒಂದಿನ ಅರ್ಜಿ ತಂದ್ರು. ಗಾಡಿಗಳನ್ನೆಲ್ಲ ಇಲ್ಲಿಂದ ತೆಗೆಸಬೇಕು ಅಂತ ಬರೆದಿತ್ತು. ಓದ್ದೆ, ಸೈನ್ ಹಾಕ್ದೆ.

ಅದಾಗಿ ನಾಲ್ಕೇ ದಿನಕ್ಕೆ ಅತ್ತಿಗೆ ಫೋನು. ಅವ್ರಿರೋ ಊರು ಇಲ್ಲಿಂದ ದೂರ ಇಲ್ಲ, ಹೆಸರು ಬ್ಯಾಡ ಬಿಡಿ. "ಒಲೆ, ಸಿಲಿಂಡರ್ ಎಲ್ಲಾ ಎತ್ಕೊಂಡ್ ಹೋದ್ರು ಕಣವ್ವ. ನಾಳೆಗೆ ಅಂತ ಎರಡು ಪಾತ್ರೆ ಹಿಟ್ಟು ರುಬ್ಬಿಟ್ಟಿದ್ದೆ. ಏನ್ ಮಾಡನೆ ಈಗ?" ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ.

ಹೊಗೆಸೊಪ್ಪಲ್ಲಿ ಕೈ ಸುಟ್ಕೊಂಡು ಅಣ್ಣ ಸಾಲದಲ್ಲಿದ್ದಾಗ ಅತ್ತಿಗೆ ತಳ್ಳುಗಾಡೀಲಿ ಇಡ್ಲಿ ಶುರು ಮಾಡಿದ್ರು. ಕೊರೋನಾದಲ್ಲಿ ಗಾಡಿ ಮೂಲೆ ಸೇರ್ತು. 2020ರಲ್ಲಿ ಸ್ವನಿಧಿ ಸಾಲ ಬಂತಲ್ಲ, ಬೀದಿ ವ್ಯಾಪಾರದ ಕಾರ್ಡ್ ಇತ್ತಾದ್ದರಿಂದ 10,000 ಸಿಕ್ತು. ಅದು ತೀರಿಸಿದ್ಮೇಲೆ 20,000. ಅದಕ್ಕೆ ಕಿವಿಯೋಲೆ ಅಡ ಇಟ್ಟ ದುಡ್ಡೂ ಸೇರಿಸಿ ಹಳೇ ಗೂಡ್ಸ್ ಆಟೋ ತಗೊಂಡ್ರು. ಹೊಗೆಸೊಪ್ಪಿನ ಹರಾಜು ಶುರುವಾದ್ರೆ ರೈತರಿಗೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಸಂಕ್ರಾಂತಿಗೆ ಚುಂಚನಕಟ್ಟೆ ಜಾತ್ರೆ. ಓಲೆ ಬಿಡಿಸ್ಕೊಂಡು ಮಗನ ಡಿಪ್ಲೊಮಾ ಫೀಸೂ ಕಟ್ಟಿದ್ರು.

ತಕರಾರು ಏನಂದ್ರೆ, ಕಾರ್ಡಲ್ಲಿರೋದು ತಳ್ಳುಗಾಡಿ ಅಂತ. "ಆಟೋಗೆ ನಮ್ಮತ್ರ ದರಾನೇ ಇಲ್ಲ, ಕಾರ್ಡ್ ನಡೆಯಲ್ಲ" ಅಂದವ್ರೆ. ದಿನಾ ಸುಂಕ ಇಸ್ಕೊಳೋನು ಮಾತ್ರ ಆಟೋ ಅಂತ ಎರಡರಷ್ಟು ಇಸ್ಕೊತಿದ್ದ, ರಸೀತಿ ಇಲ್ದೆ. ಮಳೆ ಬಂದು ಒಂದು ಪ್ಲೇಟೂ ಹೋಗ್ದಿದ್ ದಿನಾನೂ ಬಿಡ್ತಿರಲಿಲ್ಲ. ದುಡ್ಡು ಇಸ್ಕೊಳೋಕೆ ಆಟೋ ಲೆಕ್ಕಕ್ಕದೆ, ಕಾರ್ಡ್ ತೋರಿಸಿದ್ರೆ ಲೆಕ್ಕಕ್ಕಿಲ್ಲ!

ನನ್ನ ಮಗಳು ರಾತ್ರಿ ಕೂತು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ ಹೇಳಿದ್ಲು. ಒಂದು ಕಡೆ ನಿಂತು ಮಾರೋರು, ಊರೂರು ತಿರುಗಿ ಮಾರೋರು, ಇಬ್ರಿಗೂ ಅದರಲ್ಲಿ ಜಾಗ ಇದೆ. ಸಾಮಾನು ಎತ್ಕೊಂಡ್ ಹೋದ್ರೆ ಪಟ್ಟಿ ಕೊಡಬೇಕು. ನಾವು ಹೋಗಿ ಕೇಳಿ, ಕಟ್ಟೋ ಶುಲ್ಕ ಕಟ್ಟಿದ್ರೆ ಕೆಡೋ ಸಾಮಾನು ಅವತ್ತೇ, ಬೇರೇವು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಪ್ರಮಾಣಪತ್ರ ಇದ್ದೋರು ತೀರಿಕೊಂಡ್ರೆ, ಅದರ ಅವಧಿ ಮುಗಿಯೋ ತನಕ ಹೆಂಡ್ತಿನೋ ಗಂಡನೋ ಇಲ್ಲಾ ಅವರನ್ನೇ ನಂಬಿದ್ದ ಮಕ್ಕಳೋ ವ್ಯಾಪಾರ ಮುಂದುವರಿಸಬಹುದು. ಪಟ್ಟಣ ವ್ಯಾಪಾರ ಸಮಿತಿಲಿ ನೂರಕ್ಕೆ 40 ಭಾಗಕ್ಕೆ ಕಮ್ಮಿ ಇಲ್ದಂಗೆ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಆಟೋಗೆ ಒಲೆ, ಕೌಂಟರ್ ಕಟ್ಟಿಸಿದ್ರೆ ಅದನ್ನ ಆರ್.ಟಿ.ಒ.ದಲ್ಲಿ ಬೇರೆ ಬರೆಸಬೇಕಂತೆ. ಅತ್ತಿಗೆ ಬರೆಸಿರಲಿಲ್ಲ. ಅಷ್ಟು ತಪ್ಪು ನಮ್ದೂ ಅದೆ.

ಮಾರನೇ ದಿನ ಅರ್ಜಿ ಬರ್ಕೊಂಡು ನಾವಿಬ್ರೂ ಹೋದ್ವಿ. ಮೂರನೇ ದಿನಕ್ಕೆ ಒಲೆ ಸಿಕ್ತು. ಹಿಟ್ಟು ಅಷ್ಟೊತ್ತಿಗೆ ಉಕ್ಕಿ ಹುಳಿ ಬಂದಿತ್ತು. ಬೀದಿ ಮಕ್ಕಳನ್ನೆಲ್ಲ ಕರೆದು ದೋಸೆ ಹುಯ್ದು ಹಾಕಿದ್ರು ಅತ್ತಿಗೆ. ಈಗ ಅಲ್ಲಿ ಹೊಸ ದರ ಮಾಡ್ತೀವಿ ಅಂತಾವ್ರೆ. "ಜಾಸ್ತಿ ಹಾಕ್ಲಿ ಬುಡು, ಕಟ್ತೀನಿ. ಆಟೋ ಅಂತ ಬರೆದು ರಸೀತಿ ಕೊಡ್ಲಿ. ರಸೀತಿ ಇದ್ರೆ ಇದು ನನ್ನ ಜಾಗ ಅಂತ ನಿಂತ್ಕೊಬೋದು" ಅಂದ್ರು. ಸರ್ಕಾರವೇ 2017ರಲ್ಲಿ ಸವಿರುಚಿ ಅಂತ ಸ್ತ್ರೀಶಕ್ತಿ ಒಕ್ಕೂಟದೋರಿಗೆ ಕ್ಯಾಂಟೀನ್ ವ್ಯಾನ್ ಕೊಡಿಸ್ತು. ಹೆಂಗಸರು ಗಾಡೀಲಿ ಅಡುಗೆ ಮಾರೋದೇನು ಹೊಸದಲ್ಲ. ದರಪಟ್ಟೀಲಿ ಅದಕ್ಕೊಂದು ಸಾಲು ಬರೆಯೋದಕ್ಕೇನು?

ಊರಿಗೆ ಬಂದ್ಮೇಲೆ ಎಗ್‌ರೈಸ್ ಆಟೋ ಹತ್ರ ಹೋದೆ. ಇಷ್ಟು ದಿನ ಮುಖ ಎತ್ತಿ ನೋಡಿರಲಿಲ್ಲ, ಒಳಗೆ ತಟ್ಟೆ ತೊಳೀತಿದ್ದಿದ್ದೂ ಒಬ್ಳು ಹೆಣ್ಮಗಳೇ. ಕಸದ ಡಬ್ಬ ಯಾಕಿಟ್ಟಿಲ್ಲ ಅಂದೆ. "ಇಟ್ರೆ ತುಂಬ್ಕೊಳೋಕೆ ಗಾಡಿ ಬರಲ್ಲ ಅಕ್ಕ, ಬಿಟ್ಟೋದ್ರೆ ನಾಯಿ ಎಳೀತವೆ" ಅಂದ್ಲು.

ಆಂಟಿ ಹತ್ರ ಅರ್ಜಿ ಇನ್ನೂ ಹಂಗೇ ಇತ್ತು. ಇಸ್ಕೊಂಡು ಬೇರೆ ಬರೆದೆ. ಗಾಡಿಗಳಿಗೆ ಒಂದು ಜಾಗ ಗುರುತು ಮಾಡಿ, ಒಂದು ನಲ್ಲಿ ಹಾಕ್ಸಿ, ರಾತ್ರಿ ಹತ್ತಕ್ಕೆ ಕಸದ ಗಾಡಿ ಕಳ್ಸಿ, ಇಸ್ಕೊಂಡಿದ್ದಕ್ಕೆ ರಸೀತಿ ಕೊಡಿ ಅಂತ. ಕೆಳಗೆ ಮೊದಲ ಸೈನು ನಂದು, ಎರಡನೇದು ಎಗ್‌ರೈಸ್ ಹುಡುಗೀದು.

ಆಂಟಿ ಇನ್ನೂ ಹಾಕಿಲ್ಲ. "ನೋಡನ ತಡಿಯವ್ವ" ಅಂದವ್ರೆ. ನಾಳೆ ಅತ್ತಿಗೆ ಕಳ್ಸಿರೋ ಚಟ್ನಿಪುಡಿ ತಗೊಂಡು ಇನ್ನೊಂದ್ಸಲ ಹೋಗ್ತೀನಿ.